ಪಾಲಿನ ಡಬ್ಬಿಯ ಮಿಸ್ತ್ರಿ

ಮಿಸ್ತ್ರಿಯ ಮುಂದಿನ ಹಲ್ಲುಗಳ ನಡುವೆ ಅರ್ಧಚಂದ್ರದ ಹಾಗೆ ಒಂದು ಕರಿಯ ಸವೆತವಿತ್ತು. ವರ್ಷಾನುಗಟ್ಟಲೆ ಕಬ್ಬಿಣ ಕಚ್ಚಿದ ಗುರುತು ಅದು. ಲಾರಿಯನ್ನು ಜಾಕಿನ ಮೇಲೆ ಎತ್ತಿ, ಇಂಜಿನ್ ಚಾಲೂ ಮಾಡಿಸಿ, ಅವರು ಕೆಳಗೆ ಅಂಗಾತ ಮಲಗುತ್ತಿದ್ದರು. ಒಂದು ಸಲಾಕೆಯ ತುದಿಯನ್ನು ಗೇರ್‌ಪೆಟ್ಟಿಗೆಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಒಳಗಿನ ಚಕ್ರಗಳ ಸದ್ದು ದವಡೆಯ ಎಲುಬಿನಿಂದ ತಲೆಗೆ ಏರುತ್ತಿತ್ತು. ಕಿವಿಯ ಹಾದಿ ಮುಚ್ಚಿ ಬಹಳ ದಿನಗಳಾಗಿದ್ದವು. ಎಡದಂಡೆ ಕಾಲುವೆಗೆ ಬಂಡೆ ಒಡೆಯುವಲ್ಲಿ ಕೆಲಸಕ್ಕಿದ್ದಾಗ ಹತ್ತಿರದಲ್ಲೇ ಮದ್ದು ಸಿಡಿದು ಎರಡೂ ಕಿವಿ ಹೋಗಿದ್ದವು. ತಮ್ಮ ದನಿ ತಮಗೇ ಕೇಳದ ಕಾರಣ ಅವರು ಮಾತಾಡಿದರೆ ಅರ್ಧ ಸಿಂಧನೂರಿಗೆ ಕೇಳುತ್ತಿತ್ತು. ಗುಟ್ಟು ಹೇಳುವುದು ಅವರಿಂದ ಆಗದ ಕೆಲಸವಾಗಿತ್ತು.

ಊರು ಅವರದು ಲಿಂಗಸುಗೂರು. ಮನೆಯಲ್ಲಿ ದಖ್ಖನಿ ಉರ್ದು, ಶೆಡ್ಡಿನಲ್ಲಿ ಕನ್ನಡ. ಸಿಂಧನೂರಿನಲ್ಲಿ ಮಸ್ಕಿ ರಸ್ತೆಯ ಬದಿಗೆ ತಗಡಿನ ಶೆಡ್ ಹಾಕಿಕೊಂಡಿದ್ದರು. ಅದರ ಹಿಂದೆ ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಲಾರಿಗಳ ಎಲುಬುಗಳು ಬಿದ್ದಿರುತ್ತಿದ್ದವು. ಕಾಲುವೆಯ ಕೆಲಸ ನಡೆದ ಆ ವರ್ಷಗಳಲ್ಲಿ ಈ ಲಾರಿಗಳಿಗೆ ಬಹಳ ಬೆಲೆ. ಒಂದು ಮಳೆ ಬಿದ್ದರೆ ನಮ್ಮ ಎರೆಮಣ್ಣು ಎತ್ತಿನ ಗಾಡಿಯನ್ನೂ ಬಿಡುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಮಿಲಿಟರಿ ಲಾರಿ ಮಾತ್ರ ಅದರಲ್ಲಿ ಹೇಗೋ ಹೊರಳಾಡಿ ದಾಟುತ್ತಿತ್ತು. ಗೇರ್‌ಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ, ಇಂಜಿನ್ನಿನ ಬಲವನ್ನು ಹಿಂದಿನ ಅಚ್ಚಿಗೂ ಮುಂದಿನ ಅಚ್ಚಿಗೂ ಹಂಚುವಂಥದು. ಪುಸ್ತಕದಲ್ಲಿ ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ನಾವು ಪಾಲಿನ ಡಬ್ಬಿ ಅನ್ನುತ್ತಿದ್ದೆವು. ಸತ್ತ ಲಾರಿಯ ಡಬ್ಬಿ, ಅಚ್ಚು ಬಿಚ್ಚಿ ಬದುಕಿದ ಲಾರಿಗೆ ಕೂಡಿಸುವುದೇ ಮಿಸ್ತ್ರಿಯ ಉದ್ಯೋಗ.

ಈ ಉದ್ಯೋಗದಲ್ಲಿ ಒಂದು ತೊಡಕಿದೆ. ಹೊರಗಿನಿಂದ ಅವಳಿಜವಳಿಯಂತೆ ಕಾಣುವ ಎರಡು ಅಚ್ಚುಗಳ ಹೊಟ್ಟೆಯೊಳಗೆ ಗೇರುಗಳ ಹಲ್ಲಿನ ಲೆಕ್ಕ ಬೇರೆ ಇರಬಹುದು. ಹಾಗಿದ್ದರೆ ಮುಂದಿನ ಚಕ್ರ ಒಂದು ವೇಗಕ್ಕೆ ತಿರುಗುತ್ತದೆ, ಹಿಂದಿನದು ಇನ್ನೊಂದಕ್ಕೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಇದು ಗೊತ್ತಾಗುವುದಿಲ್ಲ. ಗಟ್ಟಿ ನೆಲದ ಮೇಲೆ ಮಾತ್ರ ಎರಡೂ ಅಚ್ಚು ಒಂದಕ್ಕೊಂದು ಜಗ್ಗಾಡಿ ನಡುವಿನ ಡಬ್ಬಿಯನ್ನು ಮುರಿಯುತ್ತವೆ. ಅದಕ್ಕೇ ಮಿಸ್ತ್ರಿ ಕೂಡಿಸುವ ಮೊದಲು ಚಕ್ರಗಳಿಗೆ ಸುಣ್ಣದ ಗೆರೆ ಎಳೆದು, ಶಾಫ್ಟನ್ನು ಕೈಯಿಂದ ತಿರುವಿ, ಮುಂದಿನದು ಹಿಂದಿನದು ಸಮ ಬರುತ್ತವೆಯೇ ಎಂದು ನೋಡುತ್ತಿದ್ದರು. "ಎರಡೂ ಒಂದ ಮಾತು ಆಡಬೇಕು" ಎನ್ನುತ್ತಿದ್ದರು.

ನಾನಾಗ ಕಾಲುವೆಯ ಒಬ್ಬ ಗುತ್ತೇದಾರನ ಲಾರಿ ಓಡಿಸುತ್ತಿದ್ದೆ. ಮಸ್ಕಿಯ ಕಲ್ಲನ್ನು ವಳಕಮದಿನ್ನಿ ಕಡೆಯ ಉಪಕಾಲುವೆಯ ದಂಡೆಗೆ ಹಾಕುವ ಕೆಲಸ. ನೀರು ಬಿಡುವ ದಿನ ಹತ್ತಿರ ಬಂದಾಗಲೇ ಲಾರಿಯ ಮುಂದಿನ ಅಚ್ಚು ಮುರಿಯಿತು. ಗುತ್ತೇದಾರ ಎಲ್ಲಿಂದಲೋ ಇನ್ನೊಂದು ತರಿಸಿ, ತಾನೇ ಶೆಡ್ಡಿಗೆ ಬಂದು ನಿಂತ. ಮಿಸ್ತ್ರಿ ಸುಣ್ಣದ ತುಂಡು ತೆಗೆದಾಗ ಅವರ ಕೈ ಹಿಡಿದು ತನ್ನ ಗಡಿಯಾರ ತೋರಿಸಿದ. ಮಿಸ್ತ್ರಿ ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಸುಣ್ಣ ಜೇಬಿಗೆ ಹಾಕಿ, ಅಚ್ಚನ್ನು ಹಾಗೆಯೇ ಕೂಡಿಸಿದರು. ನಾನು ಪಕ್ಕದಲ್ಲೇ ಬೀಡಿ ಸೇದುತ್ತ ನಿಂತಿದ್ದೆ. ನನಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಗಟ್ಟಿ ರಸ್ತೆಯಲ್ಲಿ ಹಿಂದಿನ ಚಕ್ರಗಳಷ್ಟೇ ಎಳೆಯುತ್ತಿದ್ದುದರಿಂದ ಕೆಲವು ದಿನ ಲಾರಿ ಚೆನ್ನಾಗಿಯೇ ಓಡಿತು. ಒಂದು ಮುಂಜಾನೆ ಕಲ್ಲು ಹೇರಿಕೊಂಡು ಒಂದು ಕೆಸರಿನ ಹಳ್ಳ ದಾಟಲು ಲಿವರ್ ತಳ್ಳಿ ಮುಂದಿನ ಚಕ್ರಗಳಿಗೂ ಇಂಜಿನ್ನಿನ ಬಲ ಜೋಡಿಸಿದೆ. ಹಳ್ಳ ದಾಟಿ ದಂಡೆಯ ಮೇಲಿನ ಗಟ್ಟಿ ಮೊರಮಿಗೆ ಏರಿದ ಮೇಲೆ ಅದನ್ನು ಬಿಡಿಸಲು ಲಿವರ್ ಎಳೆದರೆ ಬರಲಿಲ್ಲ. ಲಾರಿ ಮೊಂಡು ಎತ್ತಿನಂತೆ ಗುದ್ದಾಡತೊಡಗಿತು. ಕಾಲ ಕೆಳಗೆ ಏನೋ ಒಡೆದ ಸದ್ದಾಯಿತು. ಕಳಚಿದ ಶಾಫ್ಟ್ ನೆಲಕ್ಕೆ ನಾಟಿ, ಲಾರಿ ಪಕ್ಕಕ್ಕೆ ತಿರುಗಿ ದಂಡೆಯಿಂದ ಕೆಳಗೆ ಉರುಳಿತು. ನನ್ನ ಎಡಗಾಲು ಬಾಗಿಲಿನ ಅಡಿಗೆ ಸಿಕ್ಕಿತ್ತು. ಹೊಲದಲ್ಲಿದ್ದವರು ಬಂದು ಕಲ್ಲು ಸರಿಸಿ ನನ್ನನ್ನು ಎಳೆದರು.

ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಕಾಲು ಉಳಿಯಿತು, ಆದರೆ ಮೊಣಕಾಲು ಮತ್ತೆ ಮಡಚಲಿಲ್ಲ. ಕ್ಲಚ್ ಒತ್ತಲಾರದವನು ಡ್ರೈವರ್ ಅಲ್ಲ. ಅದಕ್ಕಿಂತ ಕೆಟ್ಟ ಸುದ್ದಿ ಆಮೇಲೆ ಬಂತು. ನಾನು ಕುಡಿದು ಓಡಿಸಿದೆ ಎಂದು ಗುತ್ತೇದಾರ ಪೊಲೀಸರ ಮುಂದೆ ಹೇಳಿದ್ದ. ನಾನು ಹೆಂಡ ಮುಟ್ಟಿದವನಲ್ಲ. ಆದರೂ ಲೈಸೆನ್ಸ್ ಕಸಿದರು, ಕೇಸು ಹಾಕುವ ಮಾತು ನಡೆದಿತ್ತು. ನನ್ನ ಹೆಂಡತಿ ಚೊಚ್ಚಲ ಬಾಣಂತನಕ್ಕೆ ಸಾಲಗುಂದದ ತವರಿನಲ್ಲಿದ್ದಳು. ಕುಡುಕನ ಮನೆಗೆ ಮಗಳನ್ನೂ ಮೊಮ್ಮಗಳನ್ನೂ ಕಳಿಸುವುದಿಲ್ಲವೆಂದು ಮಾವ ಹೇಳಿಕಳಿಸಿದರು. ಹುಟ್ಟಿದ ಮಗುವಿನ ಮುಖ ನಾನಿನ್ನೂ ನೋಡಿರಲಿಲ್ಲ.

ಮಿಸ್ತ್ರಿ ಆಸ್ಪತ್ರೆಗೆ ಬಂದದ್ದು ಆ ದಿನಗಳಲ್ಲಿ. ಯಾರೂ ಕರೆದಿರಲಿಲ್ಲ, ಯಾರಿಗೂ ಅವರ ಮೇಲೆ ಅನುಮಾನವೂ ಇರಲಿಲ್ಲ. ಮಂಚದ ಪಕ್ಕ ನಿಂತು, ಟೋಪಿ ಕೈಯಲ್ಲಿ ಹಿಡಿದು, ತಮ್ಮ ಎಂದಿನ ದೊಡ್ಡ ದನಿಯಲ್ಲಿ ಹೇಳಿದರು.

"ನಿಂದೇನೂ ತಪ್ಪಿಲ್ಲ. ನಿನ್ನಿ ಗಾಡಿ ಬಿದ್ದಲ್ಲಿಗೆ ಹೋಗಿ ಅಚ್ಚು ತಿರುವಿ ನೋಡಿ ಬಂದೀನಿ. ಮುಂದಿಂದು ಹಿಂದಿಂದು ಕೂಡಂಗಿಲ್ಲ. ಅವತ್ತ ನಾ ನೋಡಬೇಕಾಗಿತ್ತು, ನೋಡಲಿಲ್ಲ."

ಇಡೀ ವಾರ್ಡು ಕೇಳಿಸಿಕೊಂಡಿತು. ನನಗೆ ಕೃತಜ್ಞತೆ ಹುಟ್ಟಲಿಲ್ಲ. ಕಾಲು ಹಾಳು ಮಾಡಿದವನು ಎದುರಿಗೆ ನಿಂತಿದ್ದಾನೆ ಎಂಬುದಷ್ಟೇ ತಿಳಿಯಿತು. ಗೋಡೆಯ ಕಡೆ ಹೊರಳಿದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿದರೆ ಅವರು ಇನ್ನೂ ನಿಂತೇ ಇದ್ದರು. ನಾನು ಏನಾದರೂ ಅಂದಿರಬಹುದು, ತಮಗೆ ಕೇಳಿಸಿಲ್ಲ ಎಂದುಕೊಂಡು ನನ್ನ ತುಟಿಯನ್ನೇ ನೋಡುತ್ತಿದ್ದರು.

ಅಲ್ಲಿಂದ ಅವರು ಪೊಲೀಸ್ ಠಾಣೆಗೆ ಹೋಗಿ ಅದನ್ನೇ ಹೇಳಿದರು. ಗುತ್ತೇದಾರನ ಎದುರಿಗೂ ಹೇಳಿದರು. ಪೊಲೀಸರು ಅಚ್ಚನ್ನು ತಿರುವಿಸಿ ನೋಡಿದ ಮೇಲೆ ನನ್ನ ಮೇಲಿನ ಮಾತು ಬಿದ್ದುಹೋಯಿತು. ಗುತ್ತೇದಾರ ಇನ್ನು ಮುಂದೆ ತನ್ನ ಒಂದು ಗಾಡಿಯೂ ಆ ಶೆಡ್ಡಿಗೆ ಬರುವುದಿಲ್ಲ ಎಂದ, ಬೇರೆ ಗುತ್ತೇದಾರರಿಗೂ ಹೇಳಿದ. ಎಲ್ಲ ಕಡೆಯೂ ಮಿಸ್ತ್ರಿ ತಮ್ಮ ತಪ್ಪನ್ನಷ್ಟೇ ಹೇಳಿದ್ದರು. ಗಡಿಯಾರ ತೋರಿಸಿದವನ ಸುದ್ದಿ ಎತ್ತಿರಲಿಲ್ಲ. ಯಾಕೆಂದು ಬಹಳ ದಿನದ ಮೇಲೆ ನಾನು ಕೇಳಿದೆ. "ಅವ ಅವಸರ ಮಾಡಿದ್ದು ಖರೆ. ಬೋಲ್ಟ್ ಬಿಗಿಯೋ ಪಾನಾ ಇದ್ದದ್ದು ನನ್ನ ಕೈಯಾಗ" ಎಂದರು.

ಮಾವನ ಮಾತು ಯಾರಿಂದಲೋ ತಿಳಿದು ಸಾಲಗುಂದಕ್ಕೆ ಅವರು ಹೋದ ಸಂಗತಿಯನ್ನು ನನಗೆ ಹೇಳಿದವಳು ನನ್ನ ಹೆಂಡತಿ. ಮಧ್ಯಾಹ್ನದ ಬಿಸಿಲಿನಲ್ಲಿ ಗುರುತಿಲ್ಲದ ಒಬ್ಬರು ಬಂದು ಕಟ್ಟೆಯ ಮುಂದೆ ನಿಂತರಂತೆ. ನನ್ನ ಮಾವ ಮರ್ಯಾದೆಯ ಮನುಷ್ಯ, ಮನೆಯ ಮಾತು ಓಣಿಗೆ ಬೀಳಬಾರದು ಎನ್ನುವವರು. ಬಂದವರು ಬಾಯಿ ತೆರೆದದ್ದೇ ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು.

"ನಿಮ್ಮ ಅಳಿಯ ಕುಡದಿದ್ದಿಲ್ಲರೀ. ಗಾಡಿ ಬಿದ್ದದ್ದು ನನ್ನ ಕೆಲಸದಿಂದ. ಆ ಹುಡುಗನ ಕಾಲು ತಗೊಂಡೀನಿ, ಹೆಂಡತಿ ಮಕ್ಕಳನ್ನೂ ನಾನ ತಗೊಂಡಂಗ ಆಗಬಾರದು."

ಸಾವಕಾಶ ಮಾತಾಡಿ ಎಂದು ಮಾವ ಕೈ ಅಲ್ಲಾಡಿಸಿದರು. ತಾವು ಹೇಳಿದ್ದನ್ನು ಒಪ್ಪುತ್ತಿಲ್ಲ ಎಂದುಕೊಂಡ ಮಿಸ್ತ್ರಿ ಇನ್ನಷ್ಟು ಜೋರಾಗಿ ಅದನ್ನೇ ಹೇಳಿದರು. ಮಾವ ಎರಡೂ ಕೈ ಎತ್ತಿದರು. ಮಿಸ್ತ್ರಿ ಮೂರನೆಯ ಸಲ ಶುರು ಮಾಡಿದರು. ಹೆಂಡತಿ ಮಗುವನ್ನು ಎತ್ತಿಕೊಂಡು ಬಾಗಿಲಿನ ಹಿಂದೆ ನಿಂತು ಅಳುತ್ತಲೇ ನಕ್ಕಳಂತೆ. ಕೊನೆಗೆ ಮಾವ ಅವರ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರು. ವಾರದೊಳಗೆ ನನ್ನ ಹೆಂಡತಿ ಮಗುವಿನೊಂದಿಗೆ ಬಂಡಿಯಲ್ಲಿ ಬಂದಳು.

ನಾನು ಕೋಲು ಹಿಡಿದು ನಡೆಯುವಂತಾದಾಗ ಮಿಸ್ತ್ರಿ ಮನೆಗೆ ಬಂದರು. ಗಿರಾಕಿಗಳು ಏನು ಹೇಳುತ್ತಾರೋ ತಮಗೆ ತಿಳಿಯುವುದಿಲ್ಲ, ನೀನು ಬಂದು ಕೂತು ಕೇಳು, ಬಂದದ್ದರಲ್ಲಿ ಪಾಲು ಎಂದರು. ಬೇರೆ ದಾರಿ ಇರಲಿಲ್ಲವೆಂದು ಹೋದೆ. ಮೊದಲ ತಿಂಗಳುಗಳಲ್ಲಿ ಶೆಡ್ಡಿಗೆ ಗಾಡಿಯೇ ಬರುತ್ತಿರಲಿಲ್ಲ. ಇಬ್ಬರೂ ಸಿಟ್ಟಿನವರಂತೆ ಬೇರೆ ಬೇರೆ ಮೂಲೆಯಲ್ಲಿ ಕೂತಿರುತ್ತಿದ್ದೆವು. ಅವರು ಸುಮ್ಮನಿರಲಾರದೆ ಹಳೆಯ ಡಬ್ಬಿಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಕೂಡಿಸುತ್ತಿದ್ದರು.

ಆಮೇಲೆ ಕಾಲುವೆಯ ನೀರು ಬಂತು, ಭತ್ತ ಬಂತು. ಗುತ್ತೇದಾರರು ಮಾರಿದ ಲಾರಿಗಳನ್ನು ಆಂಧ್ರದಿಂದ ಬಂದ ರೈತರು ಕೊಂಡರು. ಅವರಿಗೆ ನಮ್ಮ ಹಳೆಯ ಕಥೆ ಗೊತ್ತಿರಲಿಲ್ಲ. ಗೊತ್ತಾದವರೂ, ತಪ್ಪು ಒಪ್ಪುವ ಮಿಸ್ತ್ರಿಯೇ ಬೇಕು ಎಂದು ಬಂದರು. ದೊಡ್ಡ ಮೀಸೆಯವರ ತುಟಿ ಮಿಸ್ತ್ರಿಗೆ ಓದಲು ಬರುತ್ತಿರಲಿಲ್ಲ. ಅಂಥವರು ಬಂದರೆ ನನ್ನ ಕಡೆ ಬೆರಳು ತೋರಿಸಿ ಲಾರಿಯ ಕೆಳಗೆ ಹೋಗುತ್ತಿದ್ದರು. ನಾನು ಕೇಳಿದ್ದನ್ನು ನಿಧಾನವಾಗಿ, ಬಾಯಿ ಅಗಲಿಸಿ ಹೇಳುತ್ತಿದ್ದೆ. ಆ ಅಭ್ಯಾಸ ಮನೆಯಲ್ಲೂ ಉಳಿಯಿತು. ನನ್ನ ಮಗಳು ಇಂದಿಗೂ ನನ್ನನ್ನು ಅಣಕಿಸುತ್ತಾಳೆ.

ಒಂದು ಮಳೆಗಾಲ, ನಿರಾಶ್ರಿತರಿಗೆಂದು ಸರ್ಕಾರ ಕಟ್ಟಿಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿಗಳು ಬಂದರು. ಸುತ್ತ ನೀರು ನಿಂತು ಕ್ಯಾಂಪಿಗೆ ಅಕ್ಕಿ ಹೋಗುತ್ತಿರಲಿಲ್ಲ. ಅಕ್ಕಿ ಒಯ್ಯುವ ಲಾರಿಯ ಡಬ್ಬಿಯೂ ಮುಂದಿನ ಅಚ್ಚೂ ಒಡೆದಿದ್ದವು. ನಮ್ಮಲ್ಲಿದ್ದ ಡಬ್ಬಿ ಕೂತಿತು, ನಮ್ಮಲ್ಲಿದ್ದ ಅಚ್ಚು ಮಾತ್ರ ತಿರುವಿದರೆ ಸಮ ಬರಲಿಲ್ಲ. ಬಂದವರಲ್ಲಿ ಒಬ್ಬ ಮುದುಕ ಕೈ ಮುಗಿದು, ಇದ್ದದ್ದನ್ನೇ ಹಾಕಿ, ಕೆಸರಿನಲ್ಲಷ್ಟೇ ಓಡಿಸುತ್ತೇವೆ ಎಂದ. ಮಕ್ಕಳು ಹಸಿದಿವೆ ಎಂದು ಹೊಟ್ಟೆ ಮುಟ್ಟಿ ತೋರಿಸಿದ. ಮಿಸ್ತ್ರಿ ಆ ಅಚ್ಚು ಹಾಕಲಿಲ್ಲ. ಮಳೆಯಲ್ಲೇ ಮಸ್ಕಿಗೆ ಹೋಗಿ ಅಲ್ಲಿ ಬಿದ್ದಿದ್ದ ಇನ್ನೊಂದು ಅಚ್ಚನ್ನು ಬಂಡಿಯ ಮೇಲೆ ಹೇರಿಕೊಂಡು ಮರುದಿನ ಬಂದರು. ಅದನ್ನು ತಿರುವಿದ ಮೇಲೆ ನನ್ನನ್ನು ಕರೆದು ನನ್ನ ಕೈಯಿಂದಲೂ ತಿರುವಿಸಿದರು. ಸಮ ಬಂತು ಎಂದು ನಾನು ತಲೆಯಾಡಿಸಿದ ಮೇಲೆಯೇ ಬೋಲ್ಟ್ ಬಿಗಿದರು. ಅಪಘಾತದ ನಂತರ ಅವರು ಒಂದು ಅಚ್ಚನ್ನೂ ನನ್ನ ತಲೆಯಾಟವಿಲ್ಲದೆ ಕೂಡಿಸಿದ್ದಿಲ್ಲ. ಅಕ್ಕಿಯ ಲಾರಿ ಅವತ್ತು ಸಂಜೆಯೊಳಗೆ ಕ್ಯಾಂಪು ಮುಟ್ಟಿತು.

ನಾನು ಅವರನ್ನು ಕ್ಷಮಿಸಿದೆನೇ ಎಂದು ಕೆಲವರು ಕೇಳಿದ್ದಾರೆ. ಅಂಥ ದಿನ ಯಾವುದೂ ನೆನಪಿಲ್ಲ. ಯಾವಾಗಲೋ ಇಬ್ಬರ ಬುತ್ತಿಯೂ ಒಂದೇ ಮೂಲೆಗೆ ಬಂದಿತ್ತು, ಅಷ್ಟೇ.

ಟ್ರ್ಯಾಕ್ಟರುಗಳು ಬಂದ ಮೇಲೆ ಮಿಲಿಟರಿ ಲಾರಿಗಳು ಒಂದೊಂದಾಗಿ ಗುಜರಿಗೆ ಹೋದವು. ಮಿಸ್ತ್ರಿಗೆ ದಮ್ಮು ಹತ್ತಿತು. ಶೆಡ್ ಮುಚ್ಚಿ ಲಿಂಗಸುಗೂರಿನ ಮಗಳ ಮನೆಗೆ ಹೋದರು. ನಾನು ಭತ್ತದ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ರಜೆಯ ದಿನ ಬಸ್ಸು ಹತ್ತಿ ಅವರನ್ನು ನೋಡಲು ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅವರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, ಚಳಿಗಾಲದಾಗ ನೋಯತದೇನು ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನ ತುಟಿ ನೋಡಿ, ಸುಳ್ಳೆಂದು ತಿಳಿದು, ಕೈ ತೆಗೆಯದೆ ಕೂತರು.

ಅವರು ತೀರಿಹೋದ ಸುದ್ದಿ ಬಂದಾಗ ಮೊದಲ ಬಸ್ಸಿಗೆ ಹೋದೆ. ಮುಸಲ್ಮಾನರಲ್ಲಿ ಹೆಣವನ್ನು ಲಗುಬಗೆಯಿಂದ ಒಯ್ಯುತ್ತಾರೆ, ಹೆಗಲು ಕೊಡುವವರು ಬದಲಾಗುತ್ತ ಬೇಗ ಬೇಗ ನಡೆಯುತ್ತಾರೆ. ನಾನು ಒಮ್ಮೆ ಹೆಗಲು ಕೊಟ್ಟು, ಕಾಲು ಸಾಗದೆ ಬಿಟ್ಟು ಹಿಂದುಳಿದೆ. ಮಿಸ್ತ್ರಿಯ ಅಳಿಯ ತಿರುಗಿ ನೋಡಿದ. ಮುಂದಿನವರಿಗೆ ಏನೋ ಹೇಳಿ, ಹಿಂದೆ ಬಂದು ನನ್ನ ತೋಳು ಹಿಡಿದು ಮತ್ತೆ ಹೆಗಲಿಗೆ ಕರೆದೊಯ್ದ. ಅಲ್ಲಿಂದ ಕಬರಸ್ಥಾನದವರೆಗೆ ಎಲ್ಲರೂ ನನ್ನ ಕಾಲು ಇಡುವಷ್ಟು ನಿಧಾನವಾಗಿ ನಡೆದರು.