ಚಿಲಕಕ್ಕೆ ಸವರಿದ ಗ್ರಾಫೈಟ್

ಪೆನ್ಸಿಲ್ ಚೂಪು ಮಾಡುವಾಗ ಬೆರಳಿಗೆ ಹತ್ತುವ ಬೂದುಗಪ್ಪು ಹೊಳಪನ್ನು ನಾನು ಕೂಡಲೇ ಒರೆಸಿಕೊಳ್ಳುವುದಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡುತ್ತೇನೆ. ಎಣ್ಣೆಯಿಲ್ಲದೆಯೂ ಜಾರುವ ಆ ನುಣುಪು ಅಪ್ಪನ ಅಂಗೈಯದು, ಗುಜರಾತಿನ ಬರೋಡಾದ ಮಂಜಲ್‌ಪುರದ ನಮ್ಮ ಬಾಡಿಗೆ ಮನೆಯದು. ಧಾರವಾಡದಿಂದ ಹೋದ ಅಪ್ಪ ಮಕರಪುರದ ಕಾರ್ಖಾನೆಯೊಂದರಲ್ಲಿ ಮೋಟಾರುಗಳೊಳಗೆ ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ಗ್ರಾಫೈಟ್ ತುಂಡುಗಳಾದ ಬ್ರಷ್‌ಗಳನ್ನು ತಯಾರಿಸುತ್ತಿದ್ದರು. ಎಷ್ಟು ತೊಳೆದರೂ ಕೈಗೆರೆಗಳಲ್ಲಿ ಕಪ್ಪು ಉಳಿಯುತ್ತಿತ್ತು. ಸ್ಟೀಲಿನ ಲೋಟ, ನನ್ನ ಕೆನ್ನೆ, ಎಲ್ಲದರ ಮೇಲೂ ಅವರ ಬೆರಳಚ್ಚು. “ಪೆನ್ಸಿಲ್‌ನಾಗ ಇರೋದು ಸೀಸ ಅಲ್ಲವ್ವಾ, ಇದ ಗ್ರಾಫೈಟ್. ಇದೂ ಇಂಗಾಲನ, ವಜ್ರದ ಬಡ ತಮ್ಮ,” ಎನ್ನುತ್ತಿದ್ದರು. ಎಣ್ಣೆ ಹಾಕಿದರೆ ಧೂಳು ಕೂರುತ್ತದೆಂದು ಓಣಿಯವರ ಬೀಗಗಳಿಗೆಲ್ಲ ಗ್ರಾಫೈಟ್ ಪುಡಿಯನ್ನೇ ಊದುತ್ತಿದ್ದರು. ಒಂದು ಭಾನುವಾರ ನಮ್ಮ ಗೇಟಿನ ಕಿರುಗುಡುವ ಚಿಲಕಕ್ಕೂ ಸವರಿದರು. ಮರುದಿನ ಅವರು ಸದ್ದಿಲ್ಲದೆ ಒಳಬಂದು ಹಿಂದೆ ನಿಂತಾಗ ಅಮ್ಮ ಬೆಚ್ಚಿಬಿದ್ದಳು.

“ಏನ್ರೀ, ಕಳ್ಳರಂಗ ಬರ್ತೀರಿ! ಸಪ್ಪಳಾ ಬ್ಯಾಡೇನು?”

“ಕಳ್ಳ ಬಂದ್ರ ಏನ್ ಸಿಕ್ಕೀತು? ನಿನ್ನ ಬೈಗುಳಾ ಅಷ್ಟ.”

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಊರಿನಲ್ಲಿ ಗಲಭೆಯಾಗಿ ಕರ್ಫ್ಯೂ ಬಿತ್ತು. ಬೆಳಗಿನ ಪಾಳಿಗೆ ಹೋದ ಅಪ್ಪ ಬರಲಿಲ್ಲ. ಓಣಿಯಲ್ಲಿ ಫೋನಿರಲಿಲ್ಲ. ಅಮ್ಮ ಸ್ಟೋವ್ ಹಚ್ಚುವಳು, ಆರಿಸುವಳು, ಕಿಟಕಿಗೆ ಹೋಗುವಳು, ಮತ್ತೆ ಹಚ್ಚುವಳು. ಪಕ್ಕದ ಮನೆಯ ಕಮಲಾಬೆನ್ ಗೋಡೆಯಾಚೆಯಿಂದ “ಆವೀ ಜಶೆ, ಬೆಹನ್,” ಬಂದುಬಿಡುತ್ತಾರೆ ಎನ್ನುತ್ತಲೇ ಇದ್ದರು. ಮರುದಿನ ಕರ್ಫ್ಯೂ ಸ್ವಲ್ಪ ಸಡಿಲಿಸಿದಾಗ ಎಲ್ಲರೂ ಹಾಲಿಗೆ ಓಡಿದರು. ಅಮ್ಮ ಮಾತ್ರ ಸೀಮೆಎಣ್ಣೆಯ ಬಟ್ಟೆ ಹಿಡಿದು ಗೇಟಿಗೆ ಹೋದಳು. ಚಿಲಕವನ್ನು ತಿಕ್ಕಿದಳು, ಅಲ್ಲಾಡಿಸಿದಳು, ಕಿವಿಗೊಟ್ಟಳು, ಪುಡಿಯೆಲ್ಲ ಹೋಗಿ ಕೀರಲು ದನಿ ಮರಳುವ ತನಕ ತಿಕ್ಕಿದಳು. “ಬಂದದ್ದು ಕೇಳಬೇಕಲ್ಲ ನನಗ,” ಎಂದಳು.

ಅದರ ಮರುದಿನ ಮಧ್ಯಾಹ್ನ ಚಿಲಕ ಕೂಗಿತು. ಅಮ್ಮ ಏಳಲಿಲ್ಲ. “ನೀ ಹೋಗಿ ನೋಡವಾ, ನಿಮ್ಮಪ್ಪ ಹೌದೋ ಅಲ್ಲೋ,” ಎಂದಳು. ಗೇಟಿನಲ್ಲಿ ಅಪ್ಪ ನಿಂತಿದ್ದರು, ಗಡ್ಡ ಬೆಳೆದಿತ್ತು. ಆ ಕಡೆ ಕರ್ಫ್ಯೂ ಸಡಿಲಾಗದೆ ಅಷ್ಟೂ ಹೊತ್ತು ಕಾರ್ಖಾನೆಯೊಳಗೇ ಇದ್ದರಂತೆ. “ಚಿಲಕಾ ಮತ್ತ ಕೂಗ್ತದಲ್ಲ,” ಎಂದರು. “ಕೂಗಲಿ,” ಎಂದಳು ಅಮ್ಮ, ಒಳಗಿನಿಂದಲೇ.

ಅಪ್ಪ ಆ ಚಿಲಕಕ್ಕೆ ಮತ್ತೆ ಪುಡಿ ಮುಟ್ಟಿಸಲಿಲ್ಲ. ಈಗ ಅವರಿಲ್ಲ, ಆ ಮನೆಯೂ ಇಲ್ಲ. ಅಮ್ಮ ಕೊನೆಯ ವರ್ಷಗಳನ್ನು ಅಹಮದಾಬಾದಿನ ಬಡಾವಣೆಯಾದ ಬೋಪಾಲ್‌ನಲ್ಲಿ ನನ್ನ ಜೊತೆ ಕಳೆದಳು. ನಮ್ಮ ಫ್ಲ್ಯಾಟಿನ ಬಾಗಿಲು ಸದ್ದಿಲ್ಲದೆ ತೆರೆಯುತ್ತದೆ. ಹಾಗಾಗಿ ಅವಳಿಗೆ ಕೇಳಲೆಂದು ಒಳಬರುವ ಮುನ್ನ ಬೀಗದ ಕೈಗಳ ಗೊಂಚಲನ್ನು ಗಟ್ಟಿಯಾಗಿ ಅಲ್ಲಾಡಿಸುತ್ತಿದ್ದೆ. ಕೇಳುವವಳು ಹೋದ ಮೇಲೂ ಅಲ್ಲಾಡಿಸುತ್ತೇನೆ. ಆಮೇಲೆ, ಒಳಗಿನಿಂದ ಅವಳ ದನಿ ಬಂದೀತೆಂಬಂತೆ, ಸ್ವಲ್ಪ ಹೊತ್ತು ಹೊರಗೇ ನಿಲ್ಲುತ್ತೇನೆ.