ಉರ್ದು ಮಾಸಿಕದಲ್ಲಿ ನಾನು ಮಾಡಿಸಿದ ರಾಜಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕಾಲೇಜು ಮುಗಿಸಿ, ಯಮನೂರಿನ ಆಚೆಗಿರುವ ನಮ್ಮೂರಿನ ಹೈಸ್ಕೂಲಿಗೆ ಶಿಕ್ಷಕನಾಗಿ ಬಂದೆ. ಆಗ ಊರಿಗೆ ಉತ್ತರ ಹಿಂದುಸ್ತಾನದ ಒಂದು ಶಹರದಿಂದ ಉರ್ದು ಮಾಸಪತ್ರಿಕೆಯೊಂದು ಬರುತ್ತಿತ್ತು. ಅದರಲ್ಲಿ ಹಳೆಯ ಹಸ್ತಪ್ರತಿಗಳ ಸಂಶೋಧನೆ, ಗ್ರಂಥವಿಮರ್ಶೆ, ಕೊನೆಯಲ್ಲಿ ಕೆಲವು ಗಜಲುಗಳು ಇರುತ್ತಿದ್ದವು. ಊರಿನ ಏಕೈಕ ಚಂದಾದಾರರು ಉರ್ದು ಶಾಲೆಯಿಂದ ನಿವೃತ್ತರಾದ ಮಾಸ್ತರರು. ಅವರ ತಂದೆಯ ಕಾಲದಿಂದ ಬರುತ್ತಿದ್ದ ಆ ಪತ್ರಿಕೆ, ದೇಶ ಎರಡಾದಾಗಲೂ ಕಾಗದ ಸಿಗದ ದಿನಗಳಲ್ಲೂ ನಿಂತಿರಲಿಲ್ಲವೆಂದು ಅವರು ಅಭಿಮಾನದಿಂದ ಹೇಳುತ್ತಿದ್ದರು.

ಓದುಗರು ಒಬ್ಬರೇ ಆದರೂ ಕೇಳುಗರು ಕಟ್ಟೆ ತುಂಬ ಇದ್ದರು. ಪತ್ರಿಕೆ ಬಂದ ಸಂಜೆ ಮಾಸ್ತರರು ಚಾದಂಗಡಿಯ ಕಟ್ಟೆಯ ಮೇಲೆ ಕುಳಿತು, ವಾಚಕರ ಪತ್ರಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ನಿವೃತ್ತಿಯ ನಂತರ ಅವರಿಗೆ ಉಳಿದಿದ್ದ ತರಗತಿ ಅದೊಂದೇ. ಆ ಪತ್ರಗಳಲ್ಲಿ ಉತ್ತರದವರೊಬ್ಬರು, ದಖನಿನವರೊಬ್ಬರು, ಹೀಗೆ ಇಬ್ಬರು ವಿದ್ವಾಂಸರು ಹಲವು ವರ್ಷಗಳಿಂದ ಪ್ರಾಚೀನ ಕವಿಯೊಬ್ಬನ ಹುಟ್ಟೂರಿನ ಬಗ್ಗೆ ಹೋರಾಡುತ್ತಿದ್ದರು. ಕವಿ ತಮ್ಮ ಸೀಮೆಯವನೆಂದು ಉತ್ತರದವರು. ಅಲ್ಲ, ವಿಜಾಪುರದ ಕಡೆಯವನೆಂದು ದಖನಿನವರು.

ವಿಜಾಪುರ ನಮ್ಮ ಸೀಮೆಯದೇ ಆದ್ದರಿಂದ ಇಡೀ ಊರು ದಖನಿನವರ ಪಕ್ಷವಾಗಬೇಕಿತ್ತು. ಆದರೆ ದೊಡ್ಡ ಗೌಡರು ಆ ಪಕ್ಷವನ್ನು ಮೊದಲೇ ಹಿಡಿದುಬಿಟ್ಟಿದ್ದರು. ಆದ್ದರಿಂದ ಅವರ ದಾಯಾದಿ ಸಣ್ಣ ಗೌಡರು ಉತ್ತರದವರ ಪಕ್ಷವಾದರು. ಹಣೆ ತುಂಬ ವಿಭೂತಿ ಧರಿಸಿದ, ಉರ್ದುವಿನ ಒಂದಕ್ಷರವೂ ಬಾರದ ಆ ಇಬ್ಬರ ಹಿಂದೆ ಉಳಿದವರು ಸರಿಸಮವಾಗಿ ಹಂಚಿಹೋಗಿದ್ದರು.

"ಮಾಸ್ತರ್ರ, ಈ ಸಲ ನಮ್ಮಾಂವ ಏನಂದಾನ್ರಿ?" ಎಂದು ದೊಡ್ಡ ಗೌಡರು ಕೇಳುವರು.

"ಎದುರಿನವರು ಹಸ್ತಪ್ರತಿ ಓದಿಲ್ಲ, ಬರೇ ಅದರ ರಟ್ಟು ನೋಡ್ಯಾರ ಅಂತ ಬರದಾರ್ರಿ."

"ಅಗದಿ ಖರೇ. ಇವರ ಕಡಿಯಾವರು ಹೊಲಾನೂ ಬದುವಿನ ಮ್ಯಾಲ ನಿಂತ ನೋಡೂ ಮಂದಿ."

"ಬರೂ ತಿಂಗಳ ಉತ್ತರಾ ಬರ್ತೈತಿ ತಡೀಲೇ," ಎಂದು ಸಣ್ಣ ಗೌಡರು ಚುರುಮುರಿ ಮುಕ್ಕುವರು. "ಆವಾಗ ಮಾರಿ ಎಲ್ಲಿ ಇಟಗೋತಿ ನೋಡೂಣು."

ಇದನ್ನು ನನಗೆ ಸಹಿಸಲಾಗಲಿಲ್ಲ. ವಾದದ ಗುರಿ ಸತ್ಯ, ಸತ್ಯದ ಗುರಿ ಸಾಮರಸ್ಯ ಎಂಬುದನ್ನು ನಾನು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತಿದ್ದೆ. ಅದಕ್ಕಾಗಿ ಒಂದು ಹಿತ್ತಾಳೆಯ ಬಟ್ಟಲನ್ನೂ ಗೆದ್ದಿದ್ದೆ. ಸಂಪಾದಕರಿಗೊಂದು ಪತ್ರ ಬರೆಯುತ್ತೇನೆ, ನೀವು ಉರ್ದುವಿಗೆ ತಿರುಗಿಸಿಕೊಡಬೇಕು ಎಂದು ಮಾಸ್ತರರನ್ನು ಕೇಳಿದೆ.

"ಜಗಳಾ ಬಗೀಹರದ್ರ ಮುಂದೇನ್ರಿ ಸರ?" ಎಂದರು ಅವರು.

"ಮುಂದೆ ಶಾಂತಿ, ಮಾಸ್ತರ್ರ."

"ಅದೂ ಖರೇ ಅನ್ರಿ," ಎಂದರು. ಆದರೆ ಲೇಖನಿಯ ಟೊಪ್ಪಿಗೆ ತೆಗೆಯಲು ಬಹಳ ಹೊತ್ತು ಮಾಡಿದರು.

ಕವಿಗೆ ಎರಡು ಹುಟ್ಟೂರುಗಳಿರುತ್ತವೆ, ದೇಹ ಹುಟ್ಟಿದ್ದೊಂದು, ಕವಿತೆ ಹುಟ್ಟಿದ್ದೊಂದು. ವಿದ್ವಾಂಸರು ತಲಾ ಒಂದನ್ನು ತೆಗೆದುಕೊಂಡು ಆಲಿಂಗಿಸಿಕೊಳ್ಳಬೇಕು ಎಂದು ನಾನು ಪತ್ರದಲ್ಲಿ ವಾದಿಸಿದ್ದೆ. ಸಂಪಾದಕರು ಆ ಪತ್ರವನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿದರು. ಮುಂದಿನ ಸಂಚಿಕೆಯಲ್ಲಿ ವಿದ್ವಾಂಸರಿಬ್ಬರೂ ಪರಸ್ಪರ "ಪೂಜ್ಯ ಸಹೋದರ" ಎಂದು ಸಂಬೋಧಿಸಿಕೊಂಡಿದ್ದರು. ಮಾಸ್ತರರು ಓದಿ ನಿಲ್ಲಿಸಿದರು.

"ಆಮ್ಯಾಲ?" ಎಂದರು ದೊಡ್ಡ ಗೌಡರು.

"ಆಮ್ಯಾಲ ಏನಿಲ್ರಿ. ರಾಜಿ ಆದ್ರು."

ಸಣ್ಣ ಗೌಡರು ನನ್ನ ಕಡೆ ನಿಧಾನವಾಗಿ ತಿರುಗಿದರು. "ಸರ, ನಿಮಗ ಯಾಕ ಬೇಕಿತ್ರಿ ಈ ಉಸಾಬರಿ?" ದೊಡ್ಡ ಗೌಡರು ತಲೆಯಾಡಿಸಿ ಅನುಮೋದಿಸಿದರು. ಆ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು; ಸಾಮರಸ್ಯ ಆರಂಭವಾಯಿತೆಂದು ನಾನು ಭಾವಿಸಿದೆ.

ಮರುತಿಂಗಳು ಮಾಸ್ತರರು ಗಜಲಿನ ಛಂದಸ್ಸಿನ ಮೇಲಿನ ಲೇಖನವನ್ನು ವಿವರಿಸಿದರು. ದೊಡ್ಡ ಗೌಡರಿಗೆ ಎಮ್ಮೆಯ ನೆನಪಾಯಿತು. ಎದುರು ಪಕ್ಷವೇ ಎದ್ದುಹೋದ ಮೇಲೆ ಸಣ್ಣ ಗೌಡರಿಗೆ ಕೂಡಲು ಕಾರಣ ಉಳಿಯಲಿಲ್ಲ. ಅದರ ಮುಂದಿನ ತಿಂಗಳು ಕಟ್ಟೆಯ ಮೇಲೆ ನಾವಿಬ್ಬರೇ ಇದ್ದೆವು. ಮಾಸ್ತರರು ಪತ್ರಿಕೆಯನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಚಾ ಕುಡಿದರು. "ಶಾಂತಿ ಚಲೋ ಆತ್ರಿ ಸರ," ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಅವರ ಸಭೆಯನ್ನು ಅವರಿಗೆ ಮರಳಿಸಲೇಬೇಕೆಂದು "ಒಂದು ಪತ್ರಿಕೆಯ ಜ್ಞಾನಸೇವೆ" ಎಂಬ ಉಪನ್ಯಾಸವನ್ನು ನಾನೇ ಸಿದ್ಧಪಡಿಸಿ, ಮನೆಮನೆಗೆ ಹೋಗಿ ಜನರನ್ನು ಕಟ್ಟೆಗೆ ಕರೆದೆ. ಭಜಿ ಇದೆ ಎಂದೂ ಹೇಳಿದೆ. ಜನ ಬಂದರು. ಮಾಸ್ತರರು ಪ್ರದರ್ಶನಕ್ಕೆಂದು ಅಟ್ಟದ ಮೇಲಿನ ಹಳೆಯ ಸಂಚಿಕೆಗಳ ಗಂಟನ್ನು ತಂದಿದ್ದರು. ನಾನು ಪತ್ರಿಕೆಯ ಧ್ಯೇಯೋದ್ದೇಶಗಳನ್ನು ವಿವರಿಸಿ ಮುಗಿಸುವಷ್ಟರಲ್ಲಿ ಭಜಿ ಖಾಲಿಯಾಗಿ, ಹಿಂದಿನ ಸಾಲು ಚಪ್ಪಲಿ ಹುಡುಕತೊಡಗಿತ್ತು.

ಆಗ ಮಾಸ್ತರರು ಗಂಟಿನೊಳಗಿಂದ ಹಳದಿಯಾದ ಸಂಚಿಕೆಯೊಂದನ್ನು ತೆಗೆದು, ತಮಗೆ ತಾವೇ ಎಂಬಂತೆ ಹೇಳಿದರು: "ಇಲ್ಲೂ ಒಂದ ಜಗಳಾ ಐತಲ್ರಿ. ಸಂಪಾದಕರು ಹಳೇ ಕೈಬರಹದ ಪೋಥಿ ಸಿಕ್ಕೈತಿ ಅಂತ ಛಾಪಿಸ್ಯಾರ. ಇನ್ನೊಬ್ಬರು, ಸಿಕ್ಕಿಲ್ಲ, ನೀವ ಕುಂತ ಬರದೀರಿ ಅಂತ ಹಿಡಕೊಂಡಾರ."

"ಬರದಿರಬೇಕ ಮಗಾ," ಎಂದರು ದೊಡ್ಡ ಗೌಡರು, ಕೂಡುತ್ತ.

"ಸಿಕ್ಕಿದ್ದ ಖರೇ," ಎಂದು ಸಣ್ಣ ಗೌಡರೂ ಕೂತರು. ಚಪ್ಪಲಿಗಳು ಮತ್ತೆ ಕಟ್ಟೆಯ ಕೆಳಗೆ ಹೋದವು. ಮಾಸ್ತರರು ಕನ್ನಡಕ ಒರೆಸಿಕೊಂಡು ಪುಟ ತಿರುಗಿಸಿದರು.

"ಒಂದ ಮಿನೀಟ ತಡೀರಿ," ಎಂದು ದೊಡ್ಡ ಗೌಡರು ಕೈ ಎತ್ತಿದರು. "ಈ ಇಬ್ಬರೂ ಈಗ ಅದಾರೋ, ಹೋಗ್ಯಾರೋ?"

"ಹೋಗಿ ಭಾಳ ವರ್ಷಾತ್ರಿ."

ಗೌಡರು ನನ್ನನ್ನು ಒಮ್ಮೆ ನೋಡಿ, ನೆಮ್ಮದಿಯಿಂದ ಕಂಬಕ್ಕೆ ಒರಗಿದರು. "ಹಂಗಾರ ಚಲೋ ಆತು. ನಮ್ಮ ಸರ ಪತ್ರಾ ಹಾಕಿದ್ರೂ ಮುಟ್ಟೂದಿಲ್ಲ. ನೀವ ಓದ್ರಿ ಮಾಸ್ತರ್ರ."