ಹುಟ್ಟು ಎತ್ತು ಅಜ್ಜಿ

ಆಗೆಲ್ಲ ಅಮೆರಿಕದಿಂದ ಊರಿಗೆ ಫೋನ್ ಮಾಡಬೇಕೆಂದರೆ ಅಂಗಡಿಯಿಂದ ಕಾರ್ಡ್ ತಂದು, ಅದರ ಮೇಲಿನ ಉದ್ದನೆಯ ನಂಬರ್ ಒತ್ತಬೇಕಿತ್ತು. ಮಾತು ಮುಗಿಯುವ ಮೊದಲೇ ಲೈನ್ ಕಟ್ಟಾಗುತ್ತಿತ್ತು. ತೊಂಬತ್ತರ ದಶಕ. ಮಗಳು ಸುಮಳ ಎರಡನೆಯ ಬಾಣಂತನಕ್ಕೆಂದು ವಾಷಿಂಗ್ಟನ್ ಹತ್ತಿರದ ಅವಳ ಮನೆಗೆ ಹೋಗಿದ್ದೆ. ಬಾಲ್ಯದ ನೆನಪು ಎಂದು ಇದನ್ನು ಬರೆಯುತ್ತಿದ್ದರೂ ಆ ಬಾಲ್ಯ ನನ್ನದಲ್ಲ, ಮೊಮ್ಮಗಳು ಮೇಘಳದು. ನನ್ನದರಲ್ಲಿ ಬರೆಯುವಂಥದ್ದೇನಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ, ತಮ್ಮನನ್ನು ಸೊಂಟದ ಮೇಲೆ ಕೂರಿಸಿದರು, ಅಷ್ಟೆ. ನಾನು ಆಟ ಅಂತ ಆಡಿದ್ದು ಐವತ್ತು ದಾಟಿದ ಮೇಲೆ, ಆ ಒಂದು ಬೇಸಿಗೆಯಲ್ಲಿ.

ಮಗು ಉಳಿಯಲಿಲ್ಲ. ಸುಮ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ರೂಮು ಸೇರಿದಳು, ಕರ್ಟನ್ ತೆಗೆಯಲಿಲ್ಲ. ಬಾಣಂತಿಗೆಂದು ಊರಿನಿಂದ ಹೊತ್ತು ತಂದ ಅಂಟಿನುಂಡೆ ಡಬ್ಬಿಯಲ್ಲೇ ಉಳಿಯಿತು. ಮುಚ್ಚಳ ತೆಗೆದರೆ ತುಪ್ಪದ ಘಮ, ತಿನ್ನುವವರಿಲ್ಲ. ಆ ಮನೆಯಲ್ಲಿ ಹುಟ್ಟಿನ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಹತ್ತು ವರ್ಷದ ಮೇಘಳಿಗೂ ಯಾರೂ ಏನೂ ಹೇಳಿರಲಿಲ್ಲ.

ಅವಳಿಗಿದ್ದದ್ದು ಒಂದೇ ಹುಚ್ಚು, ಪೊಟೊಮ್ಯಾಕ್ ನದಿ. ಅಲ್ಲಿ ಬಾಡಿಗೆಗೆ ಕಯಾಕ್ ಸಿಗುತ್ತಿತ್ತು. ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂರುವ ಸಪೂರ ದೋಣಿ. ಮಕ್ಕಳನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ, ಜೊತೆಗೆ ದೊಡ್ಡವರೊಬ್ಬರು ಬೇಕು. ಮೊದಲೆಲ್ಲ ಅಳಿಯ ಹೋಗುತ್ತಿದ್ದರು. ಈಗ ಹೆಂಡತಿಯನ್ನು ಒಬ್ಬಳೇ ಬಿಡಲು ಅವರಿಗೆ ಭಯ. ಶನಿವಾರ ನಮ್ಮಿಬ್ಬರನ್ನು ಇಳಿಸಿ ಮನೆಗೆ ಓಡುತ್ತಿದ್ದರು. ಹಾಗಾಗಿ ಈಜು ಬಾರದ ನಾನೇ ಆ ದೊಡ್ಡವಳು. ಮಗಳ ಪ್ಯಾಂಟು, ಮೇಲೊಂದು ಲೈಫ್ ಜಾಕೆಟ್.

“ಅಜ್ಜಿ, ಮೋಟರ್ ಬೋಟ್ ಹೋದ್ಮೇಲೆ ಹಿಂದೆ ಅಲೆ ಬರತ್ತಲ್ಲ, ಅದ್ರ ಮೇಲೆ ಸರ್ಫ್ ಮಾಡೋಣ.”

“ಸರ್ಫ್ ಹಾಕಿ ಬಟ್ಟೆ ಒಗೀತಾರೆ ಕಣೆ.”

“ಓ ಗಾಡ್, ಅಜ್ಜಿ!”

ಮುಂದೆ ನಾನು, ದಿಕ್ಕು ನೋಡಿಕೊಳ್ಳುವ ಅವಳು ಹಿಂದೆ. ಬೋಟ್ ದಾಟಿದರೆ ಮೊದಲು ಪೆಟ್ರೋಲ್ ಹೊಗೆಯ ವಾಸನೆ, ಆಮೇಲೆ ಅಲೆ. ಅಲೆ ಹೋಗುವ ಕಡೆಗೇ ಮೂತಿ ತಿರುಗಿಸಿ ಜೋರಾಗಿ ಹುಟ್ಟು ಹಾಕಬೇಕು. ಅಲೆ ಬಂದು ದೋಣಿಯ ಹಿಂಭಾಗ ಎತ್ತುತ್ತಲೇ ಕೈ ನಿಲ್ಲಿಸಬೇಕು, ಮುಂದಕ್ಕೆ ನೀರೇ ಒಯ್ಯುತ್ತದೆ. ಆ ನಿಲ್ಲಿಸುವುದೇ ನನಗೆ ಬರುತ್ತಿರಲಿಲ್ಲ. ಬೀಸಿ, ರುಬ್ಬಿ, ಒಗೆದ ಕೈ. ನಾನು ನೀರು ಬಡಿಯುತ್ತಲೇ ಇರುತ್ತಿದ್ದೆ, ದೋಣಿ ಅಡ್ಡ ತಿರುಗುತ್ತಿತ್ತು, ಅಲೆ ನಮ್ಮನ್ನು ಬಿಟ್ಟು ಹೋಗುತ್ತಿತ್ತು.

“ಸ್ಟಾಪ್! ಪ್ಯಾಡಲ್ ಎತ್ತು ಅಜ್ಜಿ!”

“ಪ್ಯಾಡಲ್ ಏನೇ ಅದು? ಹುಟ್ಟು ಅನ್ನು.”

“ಹುಟ್ಟು? ಹುಟ್ಟುಹಬ್ಬದ್ದು ಹುಟ್ಟು?”

ನಾನು ಮತ್ತೆ ನೀರು ಬಡಿಯತೊಡಗಿದೆ. ಅವಳು ಬಿಡಲಿಲ್ಲ. “ಬೇಬಿಗೆ ಹುಟ್ಟುಹಬ್ಬ ಇಲ್ವಾ ಅಜ್ಜಿ? ಯಾರೂ ಹೇಳಲ್ಲ.”

“ಹೊಟ್ಟೇಲೇ ಉಸಿರು ನಿಂತಿತ್ತು ಪುಟ್ಟಿ. ಹುಟ್ಟಿತು, ಅಳಲಿಲ್ಲ.”

“ನಾನು ಬೇಬಿ ಬೇಡ ಅಂದಿದ್ದೆ. ಅದಕ್ಕಾ?”

“ನಿನ್ನ ಮಾತು ಕೇಳೋ ಹಾಗಿದ್ರೆ ಅದು ನಿಮ್ಮನೆ ಮಗು ಹೇಗಾಗತ್ತೆ? ಅದಕ್ಕಲ್ಲ. ಅಳೋದಾದ್ರೆ ಅಳು, ದೋಣಿ ಅಲ್ಲಾಡಿಸ್ಬೇಡ.”

ಅತ್ತಳು. ನಾನು ತಿರುಗಿ ತಬ್ಬಿಕೊಳ್ಳುವಂತಿರಲಿಲ್ಲ, ತಿರುಗಿದರೆ ಇಬ್ಬರೂ ನೀರಿಗೆ ಬೀಳುತ್ತಿದ್ದೆವು. ಎದುರಿನ ಕೆಸರು ನೀರು ನೋಡುತ್ತಾ ಕೂತೆ. ಮೂಗು ಒರೆಸಿಕೊಂಡು ಅವಳೆಂದಳು, “ನಾವು ಸರ್ಫ್ ಮಾಡೋದು ಅಮ್ಮ ಬಂದು ನೋಡ್ಬೇಕು. ಒಂದ್ಸಲ.”

ಅಂದಿನಿಂದ ಅದೇ ಜಪ. ಅಮ್ಮ ಬರಲಿಲ್ಲ, ಅಲೆಯೂ ಸಿಗಲಿಲ್ಲ. ನಾನು ಊರಿಗೆ ಹೊರಡುವ ವಾರ ಬಂತು. ಆ ಶನಿವಾರ ಸುಮಳ ರೂಮಿಗೆ ನುಗ್ಗಿ ಕರ್ಟನ್ ಎಳೆದೆ.

“ಏಳೇ. ನಿನಗೆ ಇನ್ನೊಂದು ಮಗು ಇದೆ. ಅದು ನದಿ ಮಧ್ಯೆ ಕೂತು ಅಳತ್ತೆ.”

“ನಿಂಗೆ ಕರುಣೆನೇ ಇಲ್ಲಮ್ಮ,” ಎಂದಳು. ಆದರೂ ಎದ್ದಳು. ದಂಡೆಯ ಬೆಂಚಿನ ಮೇಲೆ ಗಂಡನ ಪಕ್ಕ ನೆಲ ನೋಡುತ್ತಾ ಕೂತಳು.

ಮೊದಲ ಅಲೆ ತಪ್ಪಿತು, ನನ್ನಿಂದಲೇ. ಮುಂದಿನದೂ ಹಾಗೇ. ದೋಣಿ ಹಿಂದಿರುಗಿಸುವ ಹೊತ್ತಾಗಿತ್ತು. ಆಗ ಪ್ರವಾಸಿಗರ ದೊಡ್ಡ ಬೋಟ್ ಬಂತು. ಹೊಗೆ ಬಂತು, ಬೆನ್ನ ಹಿಂದೆ ನೀರು ಉಬ್ಬಿತು.

“ಹುಟ್ಟು ಎತ್ತು ಅಜ್ಜಿ!” ದಂಡೆಗೆಲ್ಲ ಕೇಳುವ ಹಾಗೆ ಕಿರುಚಿದಳು.

ಎತ್ತಿದೆ. ಕೆಳಗಿನಿಂದ ಯಾರೋ ಅಂಗೈ ಕೊಟ್ಟ ಹಾಗಾಯಿತು. ದೋಣಿಯ ಮೂತಿ ಬಾಗಿತು, ಎರಡೂ ಕಡೆ ನೊರೆ ಸರ್ರೆಂದು ಹಿಂದೆ ಓಡಿತು. ಹುಟ್ಟನ್ನು ಎದೆಯ ಮೇಲೆ ಅಡ್ಡ ಹಿಡಿದು, ಏನೂ ಮಾಡದೆ, ನಾನು ಹೋಗುತ್ತಿದ್ದೆ. ಆಗ ನಾನು ಕೇಕೆ ಹಾಕಿದೆನಂತೆ, ಆಮೇಲೆ ಮೇಘ ಹೇಳಿದಳು.

ದಂಡೆ ಮುಟ್ಟಿದಾಗ ಸುಮ ಚಪ್ಪಲಿ ಕೂಡ ಬಿಚ್ಚದೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದಳು.

“ಏನೋ ಕೂಗ್ತಿದ್ಯಲ್ಲ, ಏನು?” ಮಗಳನ್ನು ಕೇಳಿದಳು.

“ಹುಟ್ಟು ಎತ್ತು ಅಂತ. ಪ್ಯಾಡಲ್‌ಗೆ ಹುಟ್ಟು ಅಂತಾರೆ ಅಮ್ಮ. ಅಜ್ಜಿ ಹೇಳಿದ್ಲು.”

“ಹುಟ್ಟು,” ಎಂದಳು ಸುಮ. ಇನ್ನೊಮ್ಮೆ ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಹನಿ ಕಣ್ಣೀರು ಹಾಕದವಳು ಮಗಳ ಒದ್ದೆ ಜಾಕೆಟ್ಟಿಗೆ ಮುಖ ಒತ್ತಿ ಗೋಳೋ ಎಂದು ಅತ್ತಳು. ಅಳಿಯ ಎದ್ದು ಬಂದರು. ನಾನು ಕೈ ಅಡ್ಡ ಹಿಡಿದು ತಡೆದೆ.

ವಾಪಸ್ ಬರುವಾಗ ಕಾರಿನಲ್ಲಿ ಸುಮ ನನ್ನನ್ನು ಕೇಳಿದಳು, “ಅಮ್ಮ, ಅಂಟಿನುಂಡೆ ಇನ್ನೂ ಇದ್ಯಾ?”

ಈಗ ಮೇಘ ಅಟ್ಲಾಂಟಾದಲ್ಲಿದ್ದಾಳೆ. ಫೋನಿನಲ್ಲಿ ಮುಖ ಕಾಣುತ್ತದೆ, ಲೈನೂ ಕಟ್ಟಾಗುವುದಿಲ್ಲ, ಆದರೆ ಆಡಲು ಅವಳ ಹತ್ತಿರ ಕನ್ನಡವೇ ಹೆಚ್ಚು ಉಳಿದಿಲ್ಲ. ನನ್ನ ಮೊಣಕಾಲು ಬಗ್ಗುವುದಿಲ್ಲ. ಊರಿನಲ್ಲಿ ಮಗನ ಮನೆಯಲ್ಲಿದ್ದೇನೆ, ಸೊಸೆ ನನ್ನನ್ನು ಯಾವ ಕೆಲಸಕ್ಕೂ ಬಿಡುವುದಿಲ್ಲ. ಕೈ ನಿಲ್ಲಿಸಿ ಸುಮ್ಮನೆ ಕೂರುವುದನ್ನು ಈಗ ಚೆನ್ನಾಗಿಯೇ ಕಲಿತಿದ್ದೇನೆ. ಒಯ್ಯಲು ಕೆಳಗೆ ಅಲೆ ಇಲ್ಲ.